ಗಜನೂರು ದಾಟಿದ ಮೇಲೆ ಗಾಡಿ ಕೆಟ್ಟರೆ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದರೆ ಮೊದಲು ಗಜನೂರಿನ ತುಂಗಾ ಅಣೆಕಟ್ಟೆ, ಅದರ ಹಿನ್ನೀರಿನ ಅಂಚಿಗೇ ಸಕ್ರೆಬೈಲಿನ ಆನೆ ಶಿಬಿರ. ಊರಿನಿಂದ ಸುಮಾರು 14 ಕಿಲೋಮೀಟರ್. ಆನೆಗಳ ಸ್ನಾನ ನೋಡಲು ಬಂದವರ ಕಾರುಗಳು ಭಾನುವಾರ ಬೆಳಿಗ್ಗೆ ರಸ್ತೆಬದಿಯಲ್ಲಿ ಸಾಲುಗಟ್ಟಿರುತ್ತವೆ. ಕೆಲವರು ಅಲ್ಲಿಂದಲೇ ಮನೆಗೆ ಹಿಂತಿರುಗುತ್ತಾರೆ. ಇನ್ನು ಕೆಲವರು ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ ಎಂದು ಮುಂದಕ್ಕೆ ಹೋಗುತ್ತಾರೆ. ಸಕ್ರೆಬೈಲಿನವರೆಗೆ ಗಾಡಿ ಕೆಟ್ಟರೆ ಅದು ಒಂದೆರಡು ಗಂಟೆಯ ತಾಪತ್ರಯ, ಊರಿಗೆ ಫೋನ್ ಮಾಡಿದರೆ ಯಾರಾದರೂ ಬರುತ್ತಾರೆ. ಅಲ್ಲಿಂದ ಮುಂದೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು, ತಿರುವುಗಳು, ಮಳೆ, ಬಂದು ಹೋಗುವ ನೆಟ್‌ವರ್ಕ್. ಅಲ್ಲಿ ಕೆಟ್ಟರೆ ದಿನವೇ ಹೋಯಿತು.

ವಾಹನದ ಇನ್ಶೂರೆನ್ಸ್ ನವೀಕರಿಸುವಾಗ ಏಜೆಂಟರು ಕೇಳುತ್ತಾರೆ: "ಆರ್‌ಎಸ್‌ಎ ಸೇರಿಸ್ಲಾ ಸಾರ್?" ರೋಡ್‌ಸೈಡ್ ಅಸಿಸ್ಟೆನ್ಸ್ ಎಂಬುದರ ಮೊಟಕು ಹೆಸರು ಅದು. ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೆ ಮೆಕ್ಯಾನಿಕ್ ಕಳಿಸುವುದು, ಅಲ್ಲೇ ಸರಿಹೋಗದಿದ್ದರೆ ಎತ್ತಿಕೊಂಡು ಹೋಗಿ ಗ್ಯಾರೇಜಿಗೆ ಮುಟ್ಟಿಸುವುದು ಈ ಸೇವೆಯ ಹುರುಳು. ಇನ್ಶೂರೆನ್ಸ್ ಜೊತೆ ಆಡ್-ಆನ್ ಆಗಿ ತೆಗೆದುಕೊಂಡರೆ ಕಾರಿಗೆ ವರ್ಷಕ್ಕೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ, ಮೇಲೆ 18% ಜಿಎಸ್‌ಟಿ. ಮೊತ್ತ ಸಣ್ಣದು ಎಂಬ ಕಾರಣಕ್ಕೇ ಹಲವರು ಯೋಚಿಸದೆ ಹೂಂ ಎನ್ನುತ್ತಾರೆ, ಹಲವರು ಯೋಚಿಸದೆ ಬೇಡ ಎನ್ನುತ್ತಾರೆ. ಇದು ಬೆಲೆ ನೋಡಿ ತೀರ್ಮಾನಿಸುವ ವಿಷಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಗಾಡಿ ಎಲ್ಲಿ ಓಡಾಡುತ್ತದೆ, ಅಲ್ಲಿಗೆ ಯಾರು ಬರುತ್ತಾರೆ ಎಂಬುದನ್ನು ನೋಡಿ ತೀರ್ಮಾನಿಸಬೇಕು.

ಅದಕ್ಕೂ ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. "ನಮ್ಮದು ಫುಲ್ ಇನ್ಶೂರೆನ್ಸ್, ಎಲ್ಲ ಸೇರಿದೆ" ಎನ್ನುವವರು ಬಹಳ. ಸೇರಿಲ್ಲ. ನಮ್ಮ ದೇಶದ ವಾಹನ ವಿಮೆಯ ಮೂಲ ಒಕ್ಕಣೆ 2002ರ ಇಂಡಿಯಾ ಮೋಟಾರ್ ಟ್ಯಾರಿಫ್‌ನಿಂದ ಬಂದದ್ದು. ಅದರಲ್ಲಿ ಸ್ವಂತ ಹಾನಿಯ ಭಾಗಕ್ಕೆ ಅನ್ವಯಿಸದ ಸಂಗತಿಗಳ ಪಟ್ಟಿ ಇದೆ: ಸವಕಳಿ, ಮೌಲ್ಯ ಇಳಿಕೆ, ಯಾಂತ್ರಿಕ ಅಥವಾ ವಿದ್ಯುತ್ ದೋಷ, ಬಿಡಿಭಾಗ ಮುರಿಯುವುದು. ಅಂದರೆ ಕ್ಲಚ್ ಪ್ಲೇಟ್ ಸವೆದು ಗಾಡಿ ಏರು ಹತ್ತದೆ ನಿಂತರೆ, ಆಲ್ಟರ್ನೇಟರ್ ಸತ್ತರೆ, ಬ್ಯಾಟರಿ ಕೈಕೊಟ್ಟರೆ ಪಾಲಿಸಿಗೂ ಅದಕ್ಕೂ ಸಂಬಂಧವಿಲ್ಲ. ಟಯರಿನದ್ದೂ ಅಷ್ಟೆ. ಗಾಡಿಗೂ ಅದೇ ಹೊತ್ತಿಗೆ ಪೆಟ್ಟಾಗಿದ್ದರೆ ಮಾತ್ರ ಟಯರ್ ಬದಲಿಗೆ ಅರ್ಧ ವೆಚ್ಚ ಸಿಗುತ್ತದೆ.

ಅಪಘಾತವೇ ಆಯಿತು ಅಂತಿಟ್ಟುಕೊಳ್ಳಿ. ಆಗ ಗಾಡಿಯನ್ನು ಹತ್ತಿರದ ರಿಪೇರಿಯವರಲ್ಲಿಗೆ ಸಾಗಿಸುವ ವೆಚ್ಚವನ್ನು ವಿಮಾ ಕಂಪನಿ ಕೊಡಬೇಕು ಎಂದು ಅದೇ ಒಕ್ಕಣೆ ಹೇಳುತ್ತದೆ. ಆದರೆ ಮಿತಿ ಖಾಸಗಿ ಕಾರಿಗೆ ಒಂದು ಅಪಘಾತಕ್ಕೆ 1,500 ರೂಪಾಯಿ, ಬೈಕಿಗೆ 300 ರೂಪಾಯಿ. 2002ರಲ್ಲಿ ಕೂತು ಬರೆದ ಅಂಕಿ ಇದು. ಆಗುಂಬೆಯಿಂದ ಶಿವಮೊಗ್ಗಕ್ಕೆ ಒಂದು ಕಾರನ್ನು ಎಳೆತರಲು ಇವತ್ತು ಇಷ್ಟು ಎಲ್ಲಿ ಸಾಕಾಗುತ್ತದೆ? ಹೆಚ್ಚಿನ ಪ್ರೀಮಿಯಂ ಕಟ್ಟಿ ಈ ಮಿತಿಯನ್ನು ಏರಿಸಿಕೊಳ್ಳಲು ಕೆಲವು ಕಂಪನಿಗಳು ಅವಕಾಶ ಕೊಡುತ್ತವೆ, ಆದರೂ ಅದು ಅಪಘಾತಕ್ಕೆ ಮಾತ್ರ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇರುವವರಿಗೆ ಇದೂ ಇಲ್ಲ.

ಅದೇ ಪಾಲಿಸಿಯ ಷರತ್ತುಗಳಲ್ಲಿ ಮಲೆನಾಡಿನವರು ಗುರುತು ಹಾಕಿಕೊಳ್ಳಬೇಕಾದ ಇನ್ನೊಂದು ಸಾಲಿದೆ. ಅಪಘಾತವಾದಾಗ ಅಥವಾ ಗಾಡಿ ಕೆಟ್ಟಾಗ ಸರಿಯಾದ ಎಚ್ಚರಿಕೆ ವಹಿಸದೆ ಅದನ್ನು ದಾರಿಯಲ್ಲಿ ಬಿಟ್ಟು ಹೋಗುವಂತಿಲ್ಲ. ರಿಪೇರಿ ಮಾಡಿಸದೆ ಓಡಿಸಿ ಹಾನಿ ಹೆಚ್ಚಾದರೆ ಆ ಹೆಚ್ಚಿನ ಹಾನಿ ಮಾಲೀಕರ ತಲೆಗೇ. "ಹೆಂಗೋ ತೀರ್ಥಹಳ್ಳಿ ತನಕ ತಳ್ಳಿಬಿಡೋಣ" ಎಂದು ಬಿಸಿಯಾದ ಇಂಜಿನ್ನನ್ನೇ ಓಡಿಸುವವರು ಈ ಸಾಲನ್ನು ಓದಿರುವುದಿಲ್ಲ. ಆರ್‌ಎಸ್‌ಎಯ ನಿಜವಾದ ಉಪಯೋಗಗಳಲ್ಲಿ ಇದೂ ಒಂದು: ಗಾಡಿಯನ್ನು ಓಡಿಸದೆ ಗ್ಯಾರೇಜಿಗೆ ಮುಟ್ಟಿಸುವ ದಾರಿ ಇದೆ ಎಂದು ಗೊತ್ತಿದ್ದರೆ ಇಂಜಿನ್ ಉಳಿಯುತ್ತದೆ.

ಮಳೆಗಾಲದಲ್ಲಿ ಇದು ಇನ್ನೂ ದುಬಾರಿ ಪಾಠ. ರಸ್ತೆ ಮೇಲೆ ಹರಿಯುವ ನೀರಿಗೆ ಇಳಿಸಿದ ಕಾರು ನಡುವೆ ಆಫ್ ಆದರೆ ಕೈ ತಾನಾಗಿ ಕೀಲಿಗೆ ಹೋಗುತ್ತದೆ. ತಿರುಗಿಸಲೇಬಾರದು. ಗಾಳಿ ಹೋಗುವ ದಾರಿಯಲ್ಲಿ ನೀರು ಸಿಲಿಂಡರಿಗೆ ಹೊಕ್ಕಿದ್ದರೆ ಪಿಸ್ಟನ್ ಅದನ್ನು ಗಾಳಿಯಂತೆ ಒತ್ತಿ ಕುಗ್ಗಿಸಲಾರದು, ನೀರು ಕುಗ್ಗುವುದಿಲ್ಲ. ಬಾಗುವುದು ಕನೆಕ್ಟಿಂಗ್ ರಾಡ್. ಇಂಥ ಹಾನಿಯನ್ನು ಪರಿಣಾಮದಿಂದಾದ ನಷ್ಟ ಎಂದು ವಿಮಾ ಕಂಪನಿಗಳು ಪಕ್ಕಕ್ಕಿಡುತ್ತವೆ. ಇಂಜಿನ್ ಪ್ರೊಟೆಕ್ಟ್ ಎಂಬ ಬೇರೆ ಆಡ್-ಆನ್ ಇದ್ದರೆ ಮಾತ್ರ ಅದರ ದಾರಿ ತೆರೆಯುತ್ತದೆ. ಆರ್‌ಎಸ್‌ಎ ನಿಮ್ಮ ಕಾರನ್ನು ಗ್ಯಾರೇಜಿನ ಬಾಗಿಲಿಗೆ ಮುಟ್ಟಿಸುತ್ತದೆ, ಬಾಗಿಲ ಒಳಗಿನ ಬಿಲ್ಲು ಅದರ ಕೆಲಸವಲ್ಲ. ಆಗುಂಬೆ, ಹುಲಿಕಲ್, ಕೊಲ್ಲೂರು ಕಡೆ ಮಳೆಗಾಲದಲ್ಲೂ ಓಡಾಡುವವರಿಗೆ ಎರಡರಲ್ಲಿ ಒಂದೇ ಎಂದಾದರೆ ಇಂಜಿನ್ ಪ್ರೊಟೆಕ್ಟ್ ಮೊದಲು ಎನ್ನುತ್ತೇನೆ.

ಈಗ ಆರ್‌ಎಸ್‌ಎ ಒಳಗೆ ಏನಿದೆ ನೋಡೋಣ. ದಾರಿಯಲ್ಲಿ ಕೆಟ್ಟ ವಾಹನಕ್ಕೆ ಸಂಘಟಿತ ನೆರವು ಎಂಬ ಕಲ್ಪನೆ ಬಲು ಹಳೆಯದು. 1905ರಲ್ಲಿ ಬ್ರಿಟನ್ನಿನಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಹುಟ್ಟಿದ್ದು ಪೊಲೀಸರ ವೇಗದ ಬಲೆಗಳಿಂದ ಸದಸ್ಯರನ್ನು ಎಚ್ಚರಿಸಲು. ಸೈಕಲ್ ಮೇಲೆ ಗಸ್ತು ತಿರುಗುತ್ತಿದ್ದ ಅದರ ಆಳುಗಳೇ ಮುಂದೆ ದಾರಿಯಲ್ಲಿ ನಿಂತ ಕಾರುಗಳನ್ನು ರಿಪೇರಿ ಮಾಡುವವರಾದರು. ನಮ್ಮಲ್ಲೂ 1919ರಲ್ಲಿ ಮುಂಬೈಯಲ್ಲಿ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಶುರುವಾಯಿತು. ಬ್ರಿಟನ್ನಿನ ಸಂಘಗಳು ತಮ್ಮದೇ ಸಮವಸ್ತ್ರದ ಮೆಕ್ಯಾನಿಕರನ್ನು, ತಮ್ಮದೇ ವ್ಯಾನುಗಳನ್ನು ಇಟ್ಟುಕೊಂಡು ಬೆಳೆದವು. ಇಲ್ಲಿ ಇವತ್ತು ನಡೆಯುವುದು ಬೇರೆ. ನೀವು ಕರೆ ಮಾಡುವ ಟೋಲ್-ಫ್ರೀ ನಂಬರು ವಿಮಾ ಕಂಪನಿಯದ್ದೋ ಕಾರು ಕಂಪನಿಯದ್ದೋ ಆಗಿರಬಹುದು. ಆದರೆ ಸೇವೆಯನ್ನು ಸಾಮಾನ್ಯವಾಗಿ ಇನ್ನೊಂದು ಸಂಸ್ಥೆಗೆ ವಹಿಸಿರುತ್ತಾರೆ. ದೂರದ ಯಾವುದೋ ನಗರದ ಕಾಲ್ ಸೆಂಟರಿನಲ್ಲಿ ಕುಳಿತವರು ನಕ್ಷೆ ನೋಡಿ, ತಮ್ಮ ಪಟ್ಟಿಯಲ್ಲಿರುವ ಹತ್ತಿರದ ಟೋಯಿಂಗ್ ಗಾಡಿಯವರಿಗೆ ಅಥವಾ ಮೆಕ್ಯಾನಿಕರಿಗೆ ಫೋನ್ ಮಾಡುತ್ತಾರೆ. ಕೊನೆಗೆ ನಿಮ್ಮ ಬಳಿ ಬರುವವರು ಶಿವಮೊಗ್ಗದವರೋ ಸಾಗರದವರೋ ಉಡುಪಿಯವರೋ ಆದ ಸ್ಥಳೀಯರೇ.

ಆದ್ದರಿಂದ ನೀವು ಕೊಳ್ಳುತ್ತಿರುವುದು ಆ ಪಟ್ಟಿಯನ್ನು. ಪಟ್ಟಿಯಲ್ಲಿ ತೀರ್ಥಹಳ್ಳಿಯವರೊಬ್ಬರು ಇದ್ದರೆ ಮಂಡಗದ್ದೆಯಲ್ಲಿ ನಿಂತ ಕಾರಿಗೆ ಬೇಗ ಸಹಾಯ ಸಿಗುತ್ತದೆ. ಇಲ್ಲದಿದ್ದರೆ ಶಿವಮೊಗ್ಗದಿಂದ 30 ಕಿಲೋಮೀಟರ್ ಬರಬೇಕು, ಅದಕ್ಕೂ ಮೊದಲು ಅವರ ಗಾಡಿ ಖಾಲಿ ಇರಬೇಕು. ಸೇವೆ ದೇಶದ ಮೂಲೆಮೂಲೆಗೂ ಇದೆ ಎಂದು ಜಾಹೀರಾತು ಹೇಳಿದರೂ ಷರತ್ತುಗಳಲ್ಲಿ ವಾಹನ ಹೋಗಬಲ್ಲ ರಸ್ತೆ, ಹವಾಮಾನ, ಲಭ್ಯತೆ ಎಂಬ ಮಾತುಗಳು ಇದ್ದೇ ಇರುತ್ತವೆ. ತೋಟದ ಮಣ್ಣುದಾರಿ, ಹೊಳೆದಂಡೆ, ಕಾಡಿನ ಒಳರಸ್ತೆ ಇವೆಲ್ಲ ಸೇವೆಯ ವ್ಯಾಪ್ತಿಯಿಂದ ಆಚೆ ಬೀಳುವುದೇ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದದ್ದು ಕಿಲೋಮೀಟರಿನ ಮಿತಿ. ಉಚಿತ ಟೋಯಿಂಗ್ ಎಂದು ದಪ್ಪಕ್ಷರದಲ್ಲಿ ಬರೆದ ಕೆಳಗೆ 25, 50, 100 ಎಂಬ ಯಾವುದಾದರೂ ಅಂಕಿ ಇರುತ್ತದೆ. ಇದನ್ನು ನಮ್ಮ ಜಿಲ್ಲೆಯ ನಕ್ಷೆಯ ಮೇಲೆ ಇಟ್ಟು ನೋಡಬೇಕು. ಸಕ್ರೆಬೈಲಿನಿಂದ ಶಿವಮೊಗ್ಗದ ಸರ್ವಿಸ್ ಸೆಂಟರಿಗೆ 25ರ ಮಿತಿ ಸಾಕು. ಮಂಡಗದ್ದೆಯಿಂದ ಸಾಲದು, 50 ಬೇಕು. ತೀರ್ಥಹಳ್ಳಿ ಸುಮಾರು 60 ಕಿಲೋಮೀಟರ್, ಆಗುಂಬೆ 90, ಜೋಗ 100ರ ಹತ್ತಿರ. ಬೇಕಾದಲ್ಲೆಲ್ಲ ಮಿತಿ ಮೀರಿರುತ್ತದೆ. ಇನ್ನೂ ಸೂಕ್ಷ್ಮವಾದದ್ದು ಲೆಕ್ಕ ಹಾಕುವ ಕ್ರಮ. ಕೆಲವು ಯೋಜನೆಗಳು ಕೆಟ್ಟ ಜಾಗದಿಂದ ಗ್ಯಾರೇಜಿನವರೆಗಿನ ದೂರವನ್ನಷ್ಟೇ ಎಣಿಸುತ್ತವೆ, ಇನ್ನು ಕೆಲವು ಟೋಯಿಂಗ್ ಗಾಡಿ ಹೋಗಿ ಬರುವ ಇಡೀ ದೂರವನ್ನು ಎಣಿಸುತ್ತವೆ. ಮಿತಿ 50, ಮೇಲಿನ ಪ್ರತಿ ಕಿಲೋಮೀಟರಿಗೆ 30 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ಆಗುಂಬೆಯಿಂದ ಶಿವಮೊಗ್ಗಕ್ಕೆ ಮೊದಲ ಲೆಕ್ಕದಲ್ಲಿ 40 ಕಿಲೋಮೀಟರಿಗೆ 1,200 ರೂಪಾಯಿ ನಿಮ್ಮ ಕೈಯಿಂದ. ಎರಡನೆಯದರಲ್ಲಿ 180ರಲ್ಲಿ 50 ಕಳೆದು 130 ಕಿಲೋಮೀಟರಿಗೆ 3,900. ಎರಡರ ಜಾಹೀರಾತಿನಲ್ಲೂ ಇರುವುದು 50 ಎಂಬ ಒಂದೇ ಅಂಕಿ.

ಹತ್ತಿರದ ಅಧಿಕೃತ ಗ್ಯಾರೇಜು ಎಂಬ ಷರತ್ತಿನಲ್ಲೂ ಮಲೆನಾಡಿಗೆ ಒಂದು ತೊಡಕಿದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳ ನಡುವೆ ಎಲ್ಲೋ ಕಾರು ನಿಂತಿತು ಎನ್ನಿ. ಆಗ ನಿಮ್ಮ ಕಂಪನಿಯ ಹತ್ತಿರದ ಅಧಿಕೃತ ಗ್ಯಾರೇಜು ಘಾಟಿ ಕೆಳಗೆ ಉಡುಪಿಯಲ್ಲಿರಬಹುದು. ಕಾರು ಅಲ್ಲಿಗೆ ಇಳಿಯುತ್ತದೆ, ಮಕ್ಕಳು ಮರಿ ಕಟ್ಟಿಕೊಂಡು ನೀವು ಶಿವಮೊಗ್ಗಕ್ಕೆ ಮರಳುತ್ತೀರಿ, ಬಿಡಿಭಾಗ ಬಂದ ಮೇಲೆ ಮತ್ತೆ ಘಾಟಿ ಇಳಿಯಬೇಕು. ನಾವು ಹೇಳಿದ ಗ್ಯಾರೇಜಿಗೆ ಒಯ್ಯುತ್ತಾರೆಯೇ, ಮಿತಿ ದಾಟಿದ ದೂರಕ್ಕೆ ದರ ಎಷ್ಟು, ಯಾರೂ ಸಿಗದೆ ನಾವೇ ಗಾಡಿ ಗೊತ್ತುಮಾಡಿಕೊಂಡರೆ ಬಿಲ್ಲು ತೋರಿಸಿದ ಮೇಲೆ ಹಣ ವಾಪಸು ಕೊಡುತ್ತಾರೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ಕೊನೆಯ ಪ್ರಶ್ನೆಗೆ ಹೌದು ಎಂದು ಬರೆದುಕೊಟ್ಟ ಯೋಜನೆ ಬೆಲೆ ಸ್ವಲ್ಪ ಹೆಚ್ಚಿದ್ದರೂ ನಮ್ಮ ಕಡೆಯವರಿಗೆ ಮೇಲು. ಪಟ್ಟಿಯಲ್ಲಿ ಯಾರೂ ಇಲ್ಲದ ಜಾಗದಲ್ಲಿ ನಿಮ್ಮನ್ನು ಕಾಯುವುದು ಅದೊಂದೇ.

ಉಳಿದ ಸೇವೆಗಳ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಪೆಟ್ರೋಲು ಮುಗಿದರೆ ಕೆಲವು ಲೀಟರ್ ತಂದುಕೊಡುತ್ತಾರೆ, ಪೆಟ್ರೋಲಿನ ಹಣ ಸಾಮಾನ್ಯವಾಗಿ ನಿಮ್ಮದು. ಪಂಚರ್ ಆದರೆ ಸ್ಟೆಪ್ನಿ ಹಾಕಿಕೊಡುತ್ತಾರೆ, ಸ್ಟೆಪ್ನಿಯಲ್ಲಿ ಗಾಳಿ ಇರಬೇಕಾದದ್ದು ನಿಮ್ಮ ಹೊಣೆ. ಬ್ಯಾಟರಿ ಡೌನ್ ಆದರೆ ಜಂಪ್ ಸ್ಟಾರ್ಟ್ ಮಾಡುತ್ತಾರೆ, ಹೊಸ ಬ್ಯಾಟರಿ ನಿಮ್ಮದೇ ಖರ್ಚು. ವರ್ಷಕ್ಕೆ ಇಂತಿಷ್ಟೇ ಸಲ ಎಂಬ ಮಿತಿ ಇರುತ್ತದೆ. ಮನೆ ಮುಂದೆಯೇ ಗಾಡಿ ಸ್ಟಾರ್ಟ್ ಆಗದಿದ್ದರೆ ಬರುತ್ತಾರೋ ಇಲ್ಲವೋ ಎಂಬುದು ಯೋಜನೆಯಿಂದ ಯೋಜನೆಗೆ ಬೇರೆ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದು, ವಾರಗಟ್ಟಲೆ ನಿಂತ ಕಾರಿನ ಜೊತೆ ಅಪ್ಪ ಅಮ್ಮ ಮಾತ್ರ ಇರುವ ಮನೆಗಳು ಶಿವಮೊಗ್ಗದ ವಿನೋಬನಗರದಿಂದ ಹಿಡಿದು ಭದ್ರಾವತಿಯ ಹೊಸಮನೆವರೆಗೂ ಇವೆ. ಅಂಥವರು ಇದನ್ನು ಮೊದಲು ವಿಚಾರಿಸಲಿ.

2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ಬಂತು. ಟ್ಯೂಬ್‌ಲೆಸ್ ಟಯರು, ಪಂಚರ್ ಕಿಟ್ಟು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಾಯಿತು. ಸ್ಟೆಪ್ನಿ ಇಲ್ಲದ ಕಾರಿಗೆ ಮಳೆಯಲ್ಲಿ ಕೊಚ್ಚಿಹೋದ ರಸ್ತೆಯ ಹೊಂಡದಲ್ಲಿ ಟಯರಿನ ಪಕ್ಕ ಹರಿದರೆ ಕಿಟ್ಟಿನ ಅಂಟು ಕೆಲಸಕ್ಕೆ ಬಾರದು, ಟೋಯಿಂಗ್ ಒಂದೇ ಗತಿ. ಆಟೊಮ್ಯಾಟಿಕ್ ಗೇರಿನ ಕಾರು ಮತ್ತು ಎಲೆಕ್ಟ್ರಿಕ್ ಕಾರುಗಳದ್ದು ಇನ್ನೊಂದು ಕತೆ. ಗಾಡಿಯನ್ನು ಓಡಿಸುವ ಚಕ್ರಗಳು ನೆಲಕ್ಕೆ ತಾಗಿದಂತೆ ಹಗ್ಗ ಕಟ್ಟಿ ಎಳೆದರೆ ಗೇರ್‌ಬಾಕ್ಸ್ ಅಥವಾ ಮೋಟಾರು ಹಾಳಾಗಬಹುದು. ಇವಕ್ಕೆ ನಾಲ್ಕೂ ಚಕ್ರ ಮೇಲೆ ಕೂರುವ ಫ್ಲಾಟ್‌ಬೆಡ್ ಗಾಡಿಯೇ ಬೇಕು. ಹಳೆಯ ಮ್ಯಾನುಯಲ್ ಕಾರನ್ನು ಸ್ನೇಹಿತನ ಜೀಪಿಗೆ ಕಟ್ಟಿ ಎಳೆದುಕೊಂಡು ಬಂದ ಅನುಭವ ಇರುವವರು ಹೊಸ ಕಾರಿಗೂ ಅದನ್ನೇ ಮಾಡಹೋಗಬಾರದು. ಇಂಥ ಕಾರು ಇರುವವರಿಗೆ ಆರ್‌ಎಸ್‌ಎ ಬೇಕೇ ಬೇಕು ಎನ್ನುತ್ತೇನೆ, ಫ್ಲಾಟ್‌ಬೆಡ್ ಎಂದು ಷರತ್ತಿನಲ್ಲಿ ಬರೆದಿರಬೇಕು.

ಹಾಗಾದರೆ ಯಾರಿಗೆ ಬೇಡ? ದಿನವೂ ಶಿವಮೊಗ್ಗ–ಭದ್ರಾವತಿ ನಡುವೆ ಮಾತ್ರ ಓಡುವ ಮ್ಯಾನುಯಲ್ ಗೇರಿನ ಕಾರಿಗೆ ಇದು ಅನಿವಾರ್ಯವಲ್ಲ. ಹೆಚ್ಚೆಂದರೆ 20 ಕಿಲೋಮೀಟರ್ ದಾರಿ. ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ, ಎರಡೂ ತುದಿಯಲ್ಲಿ ಗ್ಯಾರೇಜುಗಳು. ಉಕ್ಕು ಮತ್ತು ಕಾಗದದ ಕಾರ್ಖಾನೆಗಳಿಂದ ಬೆಳೆದ ಊರಾದ ಭದ್ರಾವತಿಯಲ್ಲಿ ಯಂತ್ರದ ಕೆಲಸ ಬಲ್ಲ ಕೈಗಳಿಗೆ ಎಂದೂ ಬರವಿಲ್ಲ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್ ಇದೆ. ಪರಿಚಯದ ಮೆಕ್ಯಾನಿಕ್ ಒಬ್ಬರ ನಂಬರು ಇದ್ದರೆ ಟೋಲ್-ಫ್ರೀ ನಂಬರಿಗಿಂತ ಬೇಗ ಬರುತ್ತಾರೆ, ನಿಮ್ಮ ಗಾಡಿಯ ಗುಣವೂ ಅವರಿಗೆ ಗೊತ್ತಿರುತ್ತದೆ. ಆದರೆ ಇದೇ ದಾರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಒಬ್ಬರೇ ಗಾಡಿ ಓಡಿಸಿಕೊಂಡು ಬರುವ ಹೆಣ್ಣುಮಗಳ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆ ಹೊತ್ತಿನಲ್ಲಿ ಮೆಕ್ಯಾನಿಕರ ಫೋನು ಸ್ವಿಚ್ ಆಫ್ ಇರುತ್ತದೆ. ಯಾವ ಹೊತ್ತಿನಲ್ಲಿ ಕರೆದರೂ ಎತ್ತುವ ನಂಬರೊಂದಕ್ಕೆ ವರ್ಷಕ್ಕೆ ಕೆಲವು ನೂರು ಕೊಡುವುದು ದುಂದು ಅಲ್ಲವೇ ಅಲ್ಲ.

ಒಂದೇ ಸೇವೆಗೆ ಎರಡು ಮೂರು ಕಡೆ ದುಡ್ಡು ಕೊಡುತ್ತಿರುವವರೂ ಇದ್ದಾರೆ. ಹೊಸ ಕಾರಿನ ಜೊತೆ ಕಂಪನಿಯೇ ಮೊದಲ ಕೆಲವು ವರ್ಷ ಈ ನೆರವನ್ನು ಕೊಟ್ಟಿರುತ್ತದೆ. ಅದೇ ಕಾರಿನ ಇನ್ಶೂರೆನ್ಸಿನಲ್ಲಿ ಶೋರೂಮಿನವರು ಆರ್‌ಎಸ್‌ಎ ಸೇರಿಸಿರುತ್ತಾರೆ. ಪಾಲಿಸಿಯ ಮೊದಲ ಪುಟದಲ್ಲಿ ಪ್ರೀಮಿಯಂ ಬಿಡಿಸಿ ಬರೆದ ಜಾಗ ನೋಡಿದರೆ ಗೊತ್ತಾಗುತ್ತದೆ. ಇನ್ನೊಂದು ತುದಿಯಲ್ಲಿ ಹಳೆಯ ಗಾಡಿಗಳ ಸಂಕಟ. ಕೆಡುವ ಸಂಭವ ಹೆಚ್ಚಿರುವುದು ಅವುಗಳಿಗೇ, ಆದರೆ ಅನೇಕ ಯೋಜನೆಗಳು ಗಾಡಿಯ ವಯಸ್ಸಿಗೆ ಮಿತಿ ಹಾಕುತ್ತವೆ. ಹತ್ತು ಹನ್ನೆರಡು ವರ್ಷದ ಕಾರನ್ನು ಜೋಪಾನವಾಗಿ ಇಟ್ಟುಕೊಂಡವರು ಇನ್ಶೂರೆನ್ಸಿನಲ್ಲಿ ಸಿಗದಿದ್ದರೆ ಸೇವಾ ಸಂಸ್ಥೆಗಳು ನೇರವಾಗಿ ಮಾರುವ ಸದಸ್ಯತ್ವಗಳನ್ನು ವಿಚಾರಿಸಬೇಕಾಗುತ್ತದೆ. ಅವು ತುಸು ದುಬಾರಿ, ಕೊಂಡ ಕೂಡಲೇ ಅಲ್ಲದೆ ಕೆಲವು ಗಂಟೆ ಅಥವಾ ದಿನಗಳ ನಂತರ ಜಾರಿಗೆ ಬರುವಂಥವೂ ಇವೆ. ನಡುರಸ್ತೆಯಲ್ಲಿ ನಿಂತ ಮೇಲೆ ಕೊಳ್ಳುವುದಕ್ಕೆ ಹೋದರೆ ಉಪಯೋಗವಿಲ್ಲ.

ಈ ಎರಡು ಬಗೆಗೆ ಕಾನೂನಿನಲ್ಲೂ ವ್ಯತ್ಯಾಸವಿದೆ. ಆಡ್-ಆನ್ ವಿಮೆಯ ಭಾಗ. ಕರೆದರೂ ಯಾರೂ ಬರದಿದ್ದರೆ ಮೊದಲು ವಿಮಾ ಕಂಪನಿಗೆ ಲಿಖಿತ ದೂರು, ಪರಿಹಾರ ಸಿಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ, ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ನೇರ ಸದಸ್ಯತ್ವ ವಿಮೆಯಲ್ಲ, ಅದು ಬರೀ ಸೇವಾ ಒಪ್ಪಂದ. ಅದರ ದೂರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗವೇ ದಾರಿ. ಎರಡರಲ್ಲೂ ಕೈಯಲ್ಲಿ ಇರಬೇಕಾದದ್ದು ಕರೆ ಮಾಡಿದ ಸಮಯ, ಅವರು ಕೊಟ್ಟ ದೂರಿನ ಸಂಖ್ಯೆ, ನೀವೇ ಖರ್ಚು ಮಾಡಿದ್ದರೆ ರಸೀದಿ. ಗಾಡಿ ಏರಿಸುವ ಮುನ್ನ ನಾಲ್ಕೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ, ಸಾಗಿಸುವಾಗ ಬಂಪರ್ ಒಡೆದರೆ ಅದೇ ಸಾಕ್ಷಿ. ನೋ ಕ್ಲೇಮ್ ಬೋನಸ್ ಹೋಗುತ್ತದೆಂದು ಹೆದರಿ ಆರ್‌ಎಸ್‌ಎಗೆ ಕರೆ ಮಾಡದವರೂ ಇದ್ದಾರೆ. ಪಂಚರ್, ಬ್ಯಾಟರಿ, ಟೋಯಿಂಗ್ ಸೇವೆ ಪಡೆದದ್ದು ಸಾಮಾನ್ಯವಾಗಿ ಕ್ಲೇಮ್ ಎಂದು ಲೆಕ್ಕವಾಗುವುದಿಲ್ಲ, ಅಪಘಾತದ ಹಾನಿಗೆ ಹಣ ಕೇಳಿದರೆ ಮಾತ್ರ ಬೋನಸ್ ಕಡಿತ.

1033ರ ಬಗ್ಗೆಯೂ ಜನ ಕೇಳುತ್ತಾರೆ. ಅದು ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ. ಟೋಲ್ ಕಟ್ಟುವ ಹೆದ್ದಾರಿಗಳಲ್ಲಿ ಗಸ್ತು ವಾಹನ, ಕ್ರೇನು, ಆಂಬುಲೆನ್ಸ್ ಇಟ್ಟಿರುತ್ತಾರೆ. ಕೆಟ್ಟ ವಾಹನವನ್ನು ರಸ್ತೆಯಿಂದ ಸುರಕ್ಷಿತ ಜಾಗಕ್ಕೆ ಸರಿಸುವುದು ಅವರ ಕೆಲಸ, ನಿಮ್ಮ ಗ್ಯಾರೇಜಿಗೆ ಮುಟ್ಟಿಸುವುದಲ್ಲ. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಇದು ದೊಡ್ಡ ಆಸರೆ. ಕಾಡಿನ ನಡುವಿನ ಘಾಟಿ ರಸ್ತೆಯಲ್ಲಿ ಅದನ್ನೇ ನೆಚ್ಚಿಕೊಳ್ಳಬೇಡಿ. ಜೀವಕ್ಕೆ ಅಪಾಯ ಎನಿಸಿದರೆ 112.

ಗಜನೂರು ದಾಟಿದ ಮೇಲೆ ಗಾಡಿ ನಿಂತರೆ ನಮ್ಮ ಕಡೆ ಇನ್ನೊಂದು ಹಳೆಯ ವ್ಯವಸ್ಥೆ ಇದೆ, ಯಾವ ಪಾಲಿಸಿಯಲ್ಲೂ ಬರೆಯದ್ದು. ಹಗಲು ಹೊತ್ತಿನಲ್ಲಿ ತೀರ್ಥಹಳ್ಳಿ ರಸ್ತೆಯಲ್ಲಿ ಬಸ್ಸುಗಳು ಓಡುತ್ತಲೇ ಇರುತ್ತವೆ. ತಿರುವಿನಿಂದ ದೂರ ಗಾಡಿ ನಿಲ್ಲಿಸಿ, ಹಿಂದೆ ಸಾಕಷ್ಟು ಅಂತರದಲ್ಲಿ ತ್ರಿಕೋನ ಫಲಕ ಇಟ್ಟು, ಮಕ್ಕಳನ್ನೂ ವಯಸ್ಸಾದವರನ್ನೂ ಬಸ್ಸಿಗೆ ಹತ್ತಿಸಿ ಕಳಿಸಬಹುದು. ನೆಟ್‌ವರ್ಕ್ ಇಲ್ಲದಿದ್ದರೆ ಡ್ರೈವರ್ ಅಥವಾ ಕಂಡಕ್ಟರ್ ಕೈಗೆ ಚೀಟಿ ಕೊಟ್ಟರೆ ಮುಂದಿನ ಊರಿನ ಗ್ಯಾರೇಜಿಗೆ ಸುದ್ದಿ ಮುಟ್ಟುತ್ತದೆ. ಶಿವಮೊಗ್ಗದ ಅಂಗಡಿಯಿಂದ ಫ್ಯಾನ್ ಬೆಲ್ಟೋ ಕ್ಲಚ್ ಕೇಬಲ್ಲೋ ಬಸ್ಸಿನಲ್ಲೇ ಬಂದಿಳಿದು ಅಲ್ಲೇ ರಿಪೇರಿಯಾಗಿ ಹೊರಟ ಗಾಡಿಗಳು ಈ ರಸ್ತೆಯಲ್ಲಿ ಎಷ್ಟೋ. ಆದರೆ ಕತ್ತಲಾದ ಮೇಲೆ ಬಸ್ಸು ವಿರಳ. ಶಿಬಿರದ ಆನೆಗಳನ್ನು ಮೇಯಲು ಬಿಡುವ ಶೆಟ್ಟಿಹಳ್ಳಿ ಕಾಡಿನಲ್ಲೇ ಕಾಡಾನೆಗಳೂ ಇವೆ, ಕಾರಿನಿಂದ ಇಳಿದು ನೆಟ್‌ವರ್ಕ್ ಹುಡುಕುತ್ತ ನಡೆದುಹೋಗುವ ಜಾಗವಲ್ಲ ಅದು. ಸಂಜೆಯ ಮೇಲೆ ಈ ರಸ್ತೆಯಲ್ಲಿ ಹೋಗುವ ಅಭ್ಯಾಸ ಇರುವವರು ಮುಂದಿನ ನವೀಕರಣಕ್ಕೆ ಮುನ್ನ ಆರ್‌ಎಸ್‌ಎ ನಂಬರಿಗೆ ಒಮ್ಮೆ ಸುಮ್ಮನೆ ಕರೆ ಮಾಡಿ, ರಾತ್ರಿ ಒಂಬತ್ತಕ್ಕೆ ಮಂಡಗದ್ದೆಗೆ ಯಾವ ಊರಿನಿಂದ ಗಾಡಿ ಕಳಿಸುತ್ತೀರಿ ಎಂದು ಕೇಳಲಿ. ತೀರ್ಥಹಳ್ಳಿ ಎಂದರೆ ಹಣ ಕಟ್ಟಬಹುದು. ಶಿವಮೊಗ್ಗ ಎಂದರೆ ಕಿಲೋಮೀಟರಿನ ಲೆಕ್ಕ ಕೇಳಬೇಕು. ಊರಿನ ಹೆಸರನ್ನೇ ಹೇಳಲಾಗದಿದ್ದರೆ ಬೇರೆ ಕಂಪನಿಯದ್ದನ್ನು ವಿಚಾರಿಸಬೇಕು.